ಫ್ಯಾನ್ ಯಾವ ಕಡೆ ತಿರುಗುತ್ತೆ? ಲೋಜ್ಬಾನ್‌ನಲ್ಲಿ ಕೇಳಿ ನೋಡಿದೆ

ಇವತ್ತು ರಾತ್ರಿ ಮಲಗಿದಾಗ ಒಂದು ನಿಮಿಷ ಫೋನ್ ಪಕ್ಕಕ್ಕಿಟ್ಟು ಸೀಲಿಂಗ್ ಫ್ಯಾನ್ ನೋಡಿ. ರೆಗ್ಯುಲೇಟರ್ ಒಂದರಲ್ಲಿಟ್ಟರೆ ರೆಕ್ಕೆಗಳು ಕಣ್ಣಿಗೆ ಸಿಗುತ್ತವೆ. ನಮ್ಮ ಮನೆಗಳಲ್ಲಿರುವ ಹೆಚ್ಚಿನ ಫ್ಯಾನ್‌ಗಳು ಕೆಳಗಿನಿಂದ ನೋಡುವವರಿಗೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತವೆ. ಅದೇ ಫ್ಯಾನನ್ನು ಸೀಲಿಂಗಿಗೆ ಅಂಟಿಕೊಂಡ ಹಲ್ಲಿ ಮೇಲಿನಿಂದ ನೋಡುತ್ತಿದೆ ಅಂದುಕೊಳ್ಳಿ. ಅದಕ್ಕೆ ರೆಕ್ಕೆಗಳು ಗಡಿಯಾರದ ಮುಳ್ಳಿನ ಹಾಗೇ ಸುತ್ತುತ್ತವೆ. ಫ್ಯಾನ್ ಒಂದೇ, ಅದು ತಿರುಗುವುದೂ ಒಂದೇ ಥರ. ನೀವು ಹೇಳಿದ್ದೂ ಸರಿ, ಹಲ್ಲಿ ಹೇಳಿದ್ದೂ ಸರಿ. (ಲೊಚಗುಟ್ಟಿದರೆ ಇನ್ನೂ ಸರಿ!)

ಗಡಿಬಿಡಿ ಇರೋದು ನಮ್ಮ ಮಾತಿನಲ್ಲಿ. 'ಗಡಿಯಾರದ ದಿಕ್ಕು' ಅಂದಾಗ ಬಣ್ಣ, ತೂಕದ ಹಾಗೆ ಅದೂ ಫ್ಯಾನಿನದೇ ಒಂದು ಗುಣ ಅನ್ನಿಸುತ್ತೆ. ಆದರೆ ಆ ಮಾತಿನೊಳಗೆ ಇನ್ನೂ ಇಬ್ಬರು ಸದ್ದಿಲ್ಲದೆ ಕೂತಿರುತ್ತಾರೆ: ನೋಡುತ್ತಿರುವವರು, ಮತ್ತು ಅವರ ತಲೆಯೊಳಗಿನ ಒಂದು ಗಡಿಯಾರ. ಅವರಿಬ್ಬರನ್ನೂ ಹೇಳದೆ ಬಿಟ್ಟು ವಾಕ್ಯ ಮುಗಿಸುತ್ತೇವೆ. ಎದುರಿಗೇ ನಿಂತು ಮಾತಾಡುವಾಗ ಅದರಿಂದ ತೊಂದರೆಯಿಲ್ಲ. ದೂರ ಇದ್ದಾಗಲೇ ಫಜೀತಿ.

ನನ್ನ ಕೆಲಸ ಮ್ಯಾಪ್ ಮೇಲೆ ಗಾಡಿಗಳ ಓಡಾಟ ತೋರಿಸುವ ಸಾಫ್ಟ್‌ವೇರ್ ಬರೆಯೋದು. ಒಮ್ಮೆ ಒಂದು ವಿಚಿತ್ರ ದೂರು ಬಂತು. ಉತ್ತರಕ್ಕೆ ಹೋಗುವ ಗಾಡಿಯ ಬಾಣ ಪೂರ್ವ ತೋರಿಸುತ್ತೆ, ಪೂರ್ವಕ್ಕೆ ಹೋಗುವುದರ ಬಾಣ ಉತ್ತರ ತೋರಿಸುತ್ತೆ, ಗಾಡಿ ಬಲಕ್ಕೆ ತಿರುಗಿದರೆ ಬಾಣ ಎಡಕ್ಕೆ ಹೊರಳುತ್ತೆ. ಒಂದೂವರೆ ದಿನ ಎರಡು ಟೀಮ್‌ಗಳ ನಡುವೆ ಮೆಸೇಜ್ ಹಾರಾಡಿದವು. ಕೊನೆಗೆ ತಿಳಿದದ್ದು ಇಷ್ಟು: ಒಬ್ಬರು ಕೋನವನ್ನು ದಿಕ್ಸೂಚಿಯ ಪದ್ಧತಿಯಲ್ಲಿ ಉತ್ತರದಿಂದ ಶುರುಮಾಡಿ ಗಡಿಯಾರದ ದಿಕ್ಕಿಗೆ ಎಣಿಸಿ ಕಳಿಸುತ್ತಿದ್ದರು. ಇನ್ನೊಬ್ಬರು ಪಿಯುಸಿ ಗಣಿತದ ಪದ್ಧತಿಯಲ್ಲಿ ಪೂರ್ವದಿಂದ ಶುರುಮಾಡಿ ಅದಕ್ಕೆ ವಿರುದ್ಧವಾಗಿ ಎಣಿಸುತ್ತಿದ್ದರು. ಎರಡೂ ಕಡೆ ಆ ಫೀಲ್ಡಿನ ಹೆಸರು 'ರೊಟೇಶನ್'. ಬ್ರೌಸರ್ ಈ ಜಗಳದಲ್ಲಿ ಮೂರನೆಯವರು: ಸ್ಕ್ರೀನಿನ ಮೇಲೆ ವೈ ಅಕ್ಷ ಕೆಳಮುಖವಾಗಿ ಬೆಳೆಯುವುದರಿಂದ ಸಿಎಸ್‌ಎಸ್‌ನಲ್ಲಿ 90 ಡಿಗ್ರಿ ಅಂದರೆ ಗಡಿಯಾರದ ದಿಕ್ಕಿಗೆ 90. ಗಣಿತದ ಮೇಷ್ಟ್ರು ಹೇಳಿಕೊಟ್ಟಿದ್ದಕ್ಕೆ ಸರಿಯಾಗಿ ಉಲ್ಟಾ.

ಆಗ ಟೀಮಿನ ಒಬ್ಬರು ನಗುತ್ತಾ, "ಇದನ್ನೆಲ್ಲ ಲೋಜ್ಬಾನ್‌ನಲ್ಲಿ ಬರೆದಿದ್ರೆ ಈ ಗಲಾಟೆನೇ ಇರ್ತಿರಲಿಲ್ಲ" ಅಂದರು. ನನಗೆ ಅದು ತಮಾಷೆ ಅನ್ನಿಸಲಿಲ್ಲ. ಆ ವಾರಾಂತ್ಯ ಪೂರ್ತಿ ಅದರಲ್ಲೇ ಕಳೆಯಿತು.

ಲೋಜ್ಬಾನ್ ಯಾವ ಊರಿನವರ ತಾಯ್ನುಡಿಯೂ ಅಲ್ಲ, ಕೂತು ಕಟ್ಟಿದ ಭಾಷೆ. ಬೇರು 1955ರಲ್ಲಿದೆ. ಜೇಮ್ಸ್ ಕುಕ್ ಬ್ರೌನ್ ಎಂಬ ಅಮೆರಿಕದ ವಿದ್ವಾಂಸ 'ಲಾಗ್ಲಾನ್' ಅನ್ನುವ ಭಾಷೆ ಕಟ್ಟಲು ಶುರುಮಾಡಿದ. ನಾವಾಡುವ ಭಾಷೆ ನಮ್ಮ ಯೋಚನೆಯನ್ನು ರೂಪಿಸುತ್ತೆ ಎಂಬ ಸಪೀರ್-ವೋರ್ಫ್ ವಾದ ನಿಜವೋ ಸುಳ್ಳೋ ಪರೀಕ್ಷಿಸುವುದು ಅವನ ಉದ್ದೇಶ. ತರ್ಕಬದ್ಧ ಭಾಷೆ ಕಲಿತವರು ಹೆಚ್ಚು ತರ್ಕಬದ್ಧವಾಗಿ ಯೋಚಿಸ್ತಾರಾ ನೋಡೋಣ ಅಂತ. 1960ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದ. ಮುಂದೆ ಭಾಷೆಯ ಒಡೆತನ ಯಾರದು ಅಂತ ಜಗಳವಾಗಿ, 1987ರಲ್ಲಿ ಲಾಜಿಕಲ್ ಲ್ಯಾಂಗ್ವೇಜ್ ಗ್ರೂಪ್ ಎಂಬ ಬಳಗ ಬೇರೆ ನಿಂತು ಅದೇ ತತ್ವದ ಮೇಲೆ ಹೊಸ ಪದಗಳೊಂದಿಗೆ ಲೋಜ್ಬಾನ್ ಕಟ್ಟಿತು. ಜಾನ್ ಕೋವನ್ ಬರೆದ ಅದರ ದಪ್ಪ ವ್ಯಾಕರಣ ಪುಸ್ತಕ ಬಂದದ್ದು 1997ರಲ್ಲಿ. ಬೇರುಪದಗಳನ್ನು ಮ್ಯಾಂಡರಿನ್, ಇಂಗ್ಲಿಷ್, ಹಿಂದಿ, ಸ್ಪ್ಯಾನಿಶ್, ರಷ್ಯನ್, ಅರೇಬಿಕ್ ಈ ಆರು ಭಾಷೆಗಳ ಸದ್ದುಗಳನ್ನು ಅರೆದು ಮಾಡಿದರು. ಎಲ್ಲವೂ ಐದಕ್ಷರದವು.

ಕೋಡ್ ಬರೆಯುವವರಿಗೆ ಇದು ತಕ್ಷಣ ಹಿಡಿಸುತ್ತೆ, ಯಾಕಂದ್ರೆ ಇಲ್ಲಿ ಪ್ರತಿ ಬೇರುಪದವೂ ಒಂದು ಫಂಕ್ಷನ್. ಪದದ ಜೊತೆಗೇ ಅದರ ಖಾಲಿ ಜಾಗಗಳೂ ನಿಗದಿ. 'ಕ್ಲಾಮ' ಅಂದರೆ ಹೋಗು. ಅದಕ್ಕೆ ಐದು ಜಾಗ: ಯಾರು, ಎಲ್ಲಿಗೆ, ಎಲ್ಲಿಂದ, ಯಾವ ದಾರಿಯಾಗಿ, ಯಾವುದರಲ್ಲಿ. ಜಾಗ ತುಂಬದಿದ್ದರೂ ವಾಕ್ಯ ತಪ್ಪಾಗುವುದಿಲ್ಲ. ಬಿಟ್ಟ ಜಾಗದಲ್ಲಿ 'ಜೊಹೆ' ಎಂಬ ಪದ ತಾನಾಗಿ ಕೂತಿದೆ ಅಂತ ಲೆಕ್ಕ. ಅರ್ಥ ಸುಮಾರಾಗಿ 'ಏನೋ ಒಂದು, ಸಂದರ್ಭದಿಂದ ತಿಳ್ಕೊಳಿ'. ಅಂದರೆ ಡಿಫಾಲ್ಟ್ ವ್ಯಾಲ್ಯೂ. ಲೋಜ್ಬಾನ್ ಅಂದರೆ ಸಂದಿಗ್ಧವೇ ಇಲ್ಲದ ಭಾಷೆ ಅಂತ ಬಹಳ ಜನ ಹೇಳ್ತಾರೆ. ಅದು ಅರ್ಧ ಮಾತ್ರ ನಿಜ. ವಾಕ್ಯದ ರಚನೆಯಲ್ಲಿ ಸಂದಿಗ್ಧ ಇಲ್ಲ, ಕಂಪ್ಯೂಟರ್ ಪಾರ್ಸ್ ಮಾಡಿದರೆ ಒಂದೇ ಮರ ಬರುತ್ತೆ. ಅರ್ಥವನ್ನು ಎಷ್ಟು ಬೇಕಾದರೂ ಮಬ್ಬಾಗಿ ಇಡಬಹುದು. ಆದರೆ ಏನನ್ನು ಹೇಳದೆ ಬಿಟ್ಟಿರಿ ಎಂಬುದು ಮಾತ್ರ ಮುಚ್ಚಿಕೊಳ್ಳುವುದಿಲ್ಲ.

ತಿರುಗುವುದಕ್ಕೆ ಅಲ್ಲಿರುವ ಪದ 'ಶಾರ್ನ'. ನಾಲ್ಕು ಜಾಗ. ಮೊದಲನೆಯದು ತಿರುಗುವ ವಸ್ತು. ಎರಡನೆಯದು ಯಾವ ವೆಕ್ಟರಿನ ಸುತ್ತ. ಮೂರನೆಯದು ಯಾವ ದಿಕ್ಕಿನ ಕಡೆಗೆ. ನಾಲ್ಕನೆಯದು ಎಷ್ಟು ಕೋನ, ಅಥವಾ ಯಾವುದಕ್ಕೆ ಮುಖ ಮಾಡುವವರೆಗೆ.

ಮೊದಲು ಮೂರನೆಯ ಜಾಗ ನೋಡಿ. ನಾನು ಬಲಕ್ಕೆ ತಿರುಗಿದೆ ಅಂದರೆ ಎಲ್ಲರಿಗೂ ಅರ್ಥವಾಗುತ್ತೆ, ಯಾಕಂದ್ರೆ ನನಗೊಂದು ಮುಖ ಇದೆ. ಮುಖ ಎತ್ತ ಹೊರಳಿತೋ ಅತ್ತ. (ಬಲಕ್ಕಿರುವ 'ಪ್ರೀತು' ಎಂಬ ಮುದ್ದಾದ ಪದಕ್ಕೂ ಎತ್ತ ಮುಖ ಮಾಡಿದಾಗ ಬಲ ಅಂತ ಹೇಳಲು ಒಂದು ಜಾಗ ಇದೆ!) ಆದರೆ ಫ್ಯಾನಿಗೆ, ಗಾಲಿಗೆ, ನಲ್ಲಿಯ ವಾಲ್ವಿಗೆ ಮುಖ ಎಲ್ಲಿದೆ? ಚಕ್ರದ ಮೇಲ್ಭಾಗ ಬಲಕ್ಕೆ ಹೋಗುವಾಗ ಕೆಳಭಾಗ ಎಡಕ್ಕೆ ಹೋಗುತ್ತಿರುತ್ತೆ. 'ಬಲಕ್ಕೆ ತಿರುಗಿಸಿದರೆ ಬಿಗಿ' ಅಂತ ನಾವು ಹೇಳುವಾಗ ಮೇಲ್ಭಾಗವನ್ನು ಮಾತ್ರ ನೋಡಬೇಕು ಎಂಬ ಒಪ್ಪಂದ ಅದರಲ್ಲಿದೆ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಹಾಗಾಗಿ ಮುಖವಿರುವ ವಸ್ತುಗಳಿಗೆ ಮೂರನೆಯ ಜಾಗ ಸಾಕು, ಚಕ್ರಗಳಿಗೆ ಸಾಲದು ಅನ್ನೋದು ನನ್ನ ಅಭಿಪ್ರಾಯ. ಭೂಮಿ ಪೂರ್ವಕ್ಕೆ ತಿರುಗುತ್ತೆ ಅನ್ನಬಹುದಲ್ಲ ಅಂದರೆ, ಅನ್ನಬಹುದು. ಆದರೆ ನೆಲ ನಮ್ಮನ್ನು ಎತ್ತ ಹೊತ್ತೊಯ್ಯುತ್ತಿದೆಯೋ ಅದೇ ಪೂರ್ವ. ಹೇಳಿದ್ದನ್ನೇ ಹೇಳಿದ ಹಾಗಾಯ್ತು.

ಎರಡನೆಯ ಜಾಗ ಜಾಣತನದ್ದು. ಅಲ್ಲಿ ಬರೀ ಅಕ್ಷ ಅನ್ನದೆ ವೆಕ್ಟರ್ ಅಂದಿದ್ದಾರೆ. ಅಕ್ಷ ಬರೀ ಗೆರೆ, ವೆಕ್ಟರಿಗೆ ಬಾಣದ ತುದಿ ಇದೆ. ಬಾಣದ ಕಡೆಗೆ ಬಲಗೈಯ ಹೆಬ್ಬೆರಳು ಚಾಚಿದರೆ ಉಳಿದ ಬೆರಳು ಮಡಚುವ ಕಡೆಯೇ ತಿರುಗುವ ಕಡೆ. ಭೌತಶಾಸ್ತ್ರದ ಬಲಗೈ ನಿಯಮ. ನಮ್ಮ ಫ್ಯಾನಿಗೆ ವೆಕ್ಟರ್ ಕೆಳಮುಖ ಅಂದರೆ ಮುಗಿಯಿತು, ಹಲ್ಲಿಯೂ ನಾನೂ ಒಪ್ಪುತ್ತೇವೆ. (ಈಗಲೇ ಹೆಬ್ಬೆರಳು ಕೆಳಗೆ ಮಾಡಿ ನೋಡುತ್ತಿದ್ದೀರಿ, ಗೊತ್ತು.) ತಮಾಷೆ ಏನಂದರೆ ಶಾರ್ನದ ವ್ಯಾಖ್ಯೆಯ ಸಾಲಿನಲ್ಲಿ 'ಬಲಗೈ' ಎಂಬ ಮಾತೇ ಇಲ್ಲ. ಉತ್ತರ ದಿಕ್ಕಿಗಿರುವ 'ಬೆರ್ತಿ' ಎಂಬ ಪದದ ವ್ಯಾಖ್ಯೆಯಲ್ಲಿ ಮಾತ್ರ ಬಲಗೈ ನಿಯಮದ ಧ್ರುವ ಅಂತ ಆವರಣದಲ್ಲಿ ಬರೆದಿದ್ದಾರೆ. ಈ ಆವರಣ ಸಣ್ಣದಲ್ಲ. ಶುಕ್ರ ಗ್ರಹ ಭೂಮಿಗೆ ವಿರುದ್ಧ ದಿಕ್ಕಿನಲ್ಲಿ, ಸುಮಾರು 243 ದಿನಕ್ಕೊಮ್ಮೆ ತಿರುಗುತ್ತೆ. ಅಂತಾರಾಷ್ಟ್ರೀಯ ಖಗೋಳ ಒಕ್ಕೂಟದ ಪದ್ಧತಿಯಲ್ಲಿ ಸೌರಮಂಡಲದ ಸಮತಲದ ಉತ್ತರ ಭಾಗಕ್ಕಿರುವ ಧ್ರುವವೇ ಗ್ರಹದ ಉತ್ತರ. ಲೋಜ್ಬಾನ್ ಆವರಣದ ಪ್ರಕಾರ ಹೋದರೆ ಅದೇ ಶುಕ್ರನ ಉತ್ತರ ಕೆಳಗೆ ಬರುತ್ತೆ. ಕುಬ್ಜ ಗ್ರಹಗಳಿಗೂ ಕ್ಷುದ್ರಗ್ರಹಗಳಿಗೂ ಒಕ್ಕೂಟವೇ ಬಲಗೈ ನಿಯಮ ಇಟ್ಟುಕೊಂಡಿದೆ. ಎರಡು ಟೀಮು, ಒಂದೇ ಫೀಲ್ಡ್ ಹೆಸರು. ಎಲ್ಲ ಕಡೆ ಇದೇ ಕತೆ ನೋಡಿ.

ಸರಿ, ಗಡಿಯಾರ ಬಿಟ್ಟರೆ ಕೈ, ಕೈ ಬಿಟ್ಟರೆ ಇನ್ನೇನು ಅಂತ ಯೋಚಿಸುವಾಗ ನಮ್ಮದೇ ಪದವೊಂದು ಎದುರಿಗೆ ನಿಂತಿತು. ಪ್ರದಕ್ಷಿಣೆ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಗಡಿಯಾರದ ದಿಕ್ಕಿಗೆ ಪ್ರದಕ್ಷಿಣ ದಿಕ್ಕು ಅಂತಲೂ ಬರೆಯುತ್ತಾರೆ. ಆದರೆ ಈ ಪದ ಹುಟ್ಟಿದಾಗ ಮುಳ್ಳಿನ ಗಡಿಯಾರ ಎಲ್ಲಿತ್ತು? ಅದು ದೇಹದಿಂದ ಹುಟ್ಟಿದ್ದು: ಗರ್ಭಗುಡಿ ಸದಾ ನಿಮ್ಮ ಬಲಗೈ ಕಡೆ ಇರುವಂತೆ ನಡೆಯಿರಿ, ಅಷ್ಟೇ. ನೋಡುವ ಹಲ್ಲಿ ಬೇಕಾಗಿಲ್ಲ, ನಡೆಯುವವರೇ ಅಳತೆಗೋಲು. ಇನ್ನೊಂದು ಸೊಗಸು, ಸಂಸ್ಕೃತದಲ್ಲಿ ದಕ್ಷಿಣ ಅಂದರೆ ಬಲವೂ ಹೌದು, ತೆಂಕಣ ದಿಕ್ಕೂ ಹೌದು. ಪೂರ್ವಕ್ಕೆ ಮುಖ ಮಾಡಿ ನಿಂತವರಿಗೆ ಎರಡೂ ಒಂದೇ.

ಗಡಿಯಾರವೇನು ಕಡಿಮೆ ಮನಸ್ವಿಯೇ? ಮುಳ್ಳು ಹಾಗೆ ತಿರುಗುವುದು ಉತ್ತರಗೋಳದ ನೆರಳು ಗಡಿಯಾರಗಳನ್ನು ಅನುಸರಿಸಿ. ದಕ್ಷಿಣಗೋಳದಲ್ಲಿ ನೆರಳು ಉಲ್ಟಾ ಸುತ್ತುತ್ತೆ. ಅದಕ್ಕೇ 2014ರಲ್ಲಿ ಬೊಲಿವಿಯಾ ದೇಶದವರು ಲಾ ಪಾಸ್ ನಗರದ ಸಂಸತ್ ಕಟ್ಟಡದ ಗಡಿಯಾರವನ್ನು ಉಲ್ಟಾ ತಿರುಗುವ ಹಾಗೆ ಮಾಡಿದರು. ಅಷ್ಟು ದೂರ ಯಾಕೆ? ಬೆಂಗಳೂರಿನ ಟೆರೇಸಿನಲ್ಲಿ ಒಂದು ಕೋಲು ನಿಲ್ಲಿಸಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಆಗ ನಡುಹಗಲಿನ ನೆರಳು ದಕ್ಷಿಣಕ್ಕೆ ಬಿದ್ದು, ಗಡಿಯಾರಕ್ಕೆ ವಿರುದ್ಧವಾಗಿ ಸರಿಯುತ್ತೆ. ಶಂಖದ ಕತೆಯಂತೂ ಇನ್ನೂ ಚೆನ್ನ. ಅಪರೂಪದ್ದೆಂದು ಪೂಜಿಸುವ ಬಲಮುರಿ ಶಂಖವನ್ನು ಜೀವಶಾಸ್ತ್ರಜ್ಞರು ಎಡಸುರುಳಿಯದು ಅನ್ನುತ್ತಾರೆ. ಶಂಖ ಅದೇ. ಅವರು ಸುರುಳಿಯ ಚೂಪು ತುದಿ ಮೇಲೆ ಮಾಡಿ ಹಿಡಿಯುತ್ತಾರೆ, ನಮ್ಮವರು ಕೆಳಗೆ ಮಾಡಿ ಹಿಡಿಯುತ್ತಾರೆ.

ಇಷ್ಟು ಹೊತ್ತಿಗೆ ನನಗೆ ಶಾರ್ನದ ಮೇಲೆ ಸ್ವಲ್ಪ ಬೇಸರ ಬಂದಿತ್ತು. ಉತ್ತರ ಸಿಕ್ಕಿದ್ದು ಅದರ ಹತ್ತಿರ ಅಲ್ಲ, ಮಾಮೂಲಿ 'ಹೋಗು' ಪದದಲ್ಲಿ. ಈ ವಾಕ್ಯ ನೋಡಿ: 'ಮಿ ಕ್ಲಾಮ ಲೊ ಸ್ತೀಶಿ ಲೊ ಸ್ತೂನ ಲೊ ಸ್ನಾನು'. ಮಿ ಅಂದರೆ ನಾನು, ಸ್ತೀಶಿ ಪಶ್ಚಿಮ, ಸ್ತೂನ ಪೂರ್ವ, ಸ್ನಾನು ದಕ್ಷಿಣ (ಸ್ನಾನಕ್ಕೂ ಅದಕ್ಕೂ ಸಂಬಂಧ ಇಲ್ಲ). ಪೂರ್ವದಿಂದ ಹೊರಟು ದಕ್ಷಿಣದ ಮೇಲೆ ಹಾದು ಪಶ್ಚಿಮಕ್ಕೆ ಹೋಗುತ್ತೇನೆ. ದೇವಸ್ಥಾನದ ಅಂಗಳದಲ್ಲಿ ಹೀಗೆ ನಡೆದರೆ ಅದು ಪ್ರದಕ್ಷಿಣೆಯೇ. ಈ ವಾಕ್ಯದಲ್ಲಿ ಗಡಿಯಾರ ಇಲ್ಲ, ಎಡಬಲ ಇಲ್ಲ, ಹೆಬ್ಬೆರಳಿಲ್ಲ, ಯಾವ ಕಡೆಯಿಂದ ನೋಡಿದರೆ ಎಂಬ ಮಾತೂ ಇಲ್ಲ. ಹಲ್ಲಿಗೂ ನಮಗೂ ವಾಕ್ಯ ಒಂದೇ.

ಗುಟ್ಟು ಇರೋದು ಮೂರು ಎಂಬ ಸಂಖ್ಯೆಯಲ್ಲಿ. ಪೂರ್ವದಿಂದ ಪಶ್ಚಿಮಕ್ಕೆ ಅಂದರೆ ಎರಡೂ ಕಡೆಯಿಂದ ಹೋಗಬಹುದು, ಎರಡು ಹೆಸರು ಸಾಲದು. ಮೂರನೆಯದನ್ನು ಹೇಳಿದ ತಕ್ಷಣ ಸುತ್ತು ನಿಗದಿಯಾಗುತ್ತೆ. ನಮ್ಮ ತ್ರೀಡಿ ಗ್ರಾಫಿಕ್ಸಿನವರು ಇದನ್ನೇ ದಿನವೂ ಮಾಡ್ತಾರೆ. ತ್ರಿಕೋನದ ಮೂರು ಮೂಲೆಗಳನ್ನು ಯಾವ ಕ್ರಮದಲ್ಲಿ ಬರೆದಿದೆ ಎಂಬುದರಿಂದಲೇ ಅದರ ಮುಂಭಾಗ ಯಾವುದು, ಹಿಂಭಾಗ ಯಾವುದು ಅಂತ ಓಪನ್‌ಜಿಎಲ್ ತೀರ್ಮಾನಿಸುತ್ತೆ. ಎರಡು ಮೂಲೆ ಅದಲುಬದಲಾದರೆ ತ್ರಿಕೋನ ಬೆನ್ನು ತಿರುಗಿಸುತ್ತೆ.

ಇದು ಕಂಪ್ಯೂಟರಿನ ಆಟ ಅಂದುಕೊಳ್ಳಬೇಡಿ. ನಮ್ಮ ಊರಿನಲ್ಲಿ ಅಡಿಕೆ ತೋಟಕ್ಕೆ ಬಾವಿಯಿಂದ ನೀರೆತ್ತುವ ತ್ರೀ ಫೇಸ್ ಮೋಟರ್ ಇದೆ. ಕಳೆದ ಬೇಸಿಗೆಯಲ್ಲಿ ಲೈನ್ ರಿಪೇರಿಯಾಗಿ ಕರೆಂಟ್ ವಾಪಸ್ ಬಂದ ಸಂಜೆ ಅಪ್ಪ ಫೋನ್ ಮಾಡಿದರು. ಮೋಟರ್ ಓಡ್ತಾ ಇದೆ, ನೀರು ಮಾತ್ರ ಸರಿಯಾಗಿ ಏರ್ತಿಲ್ಲ. ಹೊಸದಾಗಿ ಹಾಕಿದ ಸಸಿಗಳು ಎರಡು ದಿನದಿಂದ ಒಣಗ್ತಿವೆ. "ಯಾವ ಕಡೆ ತಿರುಗ್ತಿದೆ ಅಪ್ಪಾ?" ಅಂದೆ. "ಪಂಪಿನ ಮೇಲೆ ಬಾಣದ ಗುರುತು ಇದೆಯಲ್ಲಮ್ಮ, ಅದಕ್ಕೆ ಉಲ್ಟಾ" ಅಂದರು. ಅದಕ್ಕಿಂತ ಸ್ಪಷ್ಟವಾದ ವಾಕ್ಯವನ್ನು ನಾನು ಯಾವ ಭಾಷೆಯಲ್ಲೂ ಹೇಳಲಾರೆ. ಎಡ ಅನ್ನಲಿಲ್ಲ, ಬಲ ಅನ್ನಲಿಲ್ಲ, ತಾವು ಬಾವಿಯ ಯಾವ ಕಡೆ ನಿಂತಿದ್ದೇನೆ ಅಂತ ವಿವರಿಸಬೇಕಾಗಲೂ ಇಲ್ಲ.

ಕಾರಣ ಮತ್ತೆ ಆ ಮೂರೇ. ತ್ರೀ ಫೇಸ್ ಕರೆಂಟಿನಲ್ಲಿ ಆರ್, ವೈ, ಬಿ ಎಂಬ ಮೂರು ತಂತಿಗಳು ಸರದಿಯ ಪ್ರಕಾರ ಏರಿಳಿಯುತ್ತವೆ. ಆ ಸರದಿಯೇ ಮೋಟರಿಗೆ ಎತ್ತ ತಿರುಗಬೇಕೆಂದು ಹೇಳುವ ವಾಕ್ಯ. ರಿಪೇರಿಯ ಹೊತ್ತಿನಲ್ಲಿ ಎರಡು ತಂತಿ ಜಾಗ ಬದಲಾದರೆ ವಾಕ್ಯ ತಿರುವು ಮುರುವಾಗುತ್ತೆ, ಮೋಟರ್ ಹಿಂದಕ್ಕೆ ಓಡುತ್ತೆ. ಮರುದಿನ ಮೆಕ್ಯಾನಿಕ್ ಬಂದು ಮೇನ್ ಆಫ್ ಮಾಡಿ, ಮೂರರಲ್ಲಿ ಎರಡು ತಂತಿ ಅದಲುಬದಲು ಮಾಡಿದರು. ಯಾವ ಎರಡಾದರೂ ಸರಿ. ಹತ್ತು ನಿಮಿಷದ ಕೆಲಸ. ಮನೆಯ ಮಾಮೂಲಿ ಸಿಂಗಲ್ ಫೇಸ್ ಕರೆಂಟಿಗೆ ಇಂಥ ಸರದಿಯೇ ಇಲ್ಲ. ಅದಕ್ಕೇ ಫ್ಯಾನಿಗೆ ಕೆಪಾಸಿಟರ್ ಬೇಕು: ಎತ್ತ ತಿರುಗಬೇಕೆಂದು ಯಾರಾದರೂ ಹೇಳಬೇಕಲ್ಲ! ಕೆಪಾಸಿಟರ್ ಕೆಟ್ಟ ಫ್ಯಾನ್ ಗುಂಯ್ ಅನ್ನುತ್ತಾ ನಿಂತಿರುತ್ತೆ. ಕೈಯಲ್ಲಿ ನೂಕಿದರೆ ನೂಕಿದ ಕಡೆಗೇ ಓಡಬಹುದು.

ಹಾಗಾದರೆ ಬ್ರೌನ್ ಹುಡುಕಿದ್ದು ಸಿಕ್ಕಿತೇ, ಲೋಜ್ಬಾನ್ ಕಲಿತರೆ ತಲೆ ಚುರುಕಾಗುತ್ತಾ? ನನಗಂತೂ ಹಾಗನ್ನಿಸಿಲ್ಲ. ಅಪ್ಪ ಲೋಜ್ಬಾನ್ ಕಲಿತವರಲ್ಲ. ನನಗೆ ಉಳಿದದ್ದು ಒಂದು ಅಭ್ಯಾಸ ಮಾತ್ರ. ಯಾರಾದರೂ ತಿರುಗಿಸಿ ಅಂದರೆ ಎರಡನೆಯ ಜಾಗ ಖಾಲಿ ಇದೆ ಅಂತ ತಲೆಯೊಳಗೆ ಒಂದು ಕೆಂಪು ಗೆರೆ ಎಳೆದ ಹಾಗಾಗುತ್ತೆ. ಈಗ ನಮ್ಮ ಟೀಮಿನ ಕೋಡಿನಲ್ಲಿ ರೊಟೇಶನ್ ಎಂಬ ಫೀಲ್ಡ್ ಇಲ್ಲ. ಅದರ ಹೆಸರು 'ಉತ್ತರದಿಂದ ಪೂರ್ವದ ಕಡೆಗೆ ಡಿಗ್ರಿ' ಅಂತ. ಉದ್ದವಾಯ್ತು ಅಂತ ಹೊಸದಾಗಿ ಬಂದವರು ಗೊಣಗುತ್ತಾರೆ, ಗೊಣಗಲಿ.

ಒಂದು ಕಡೆ ಮಾತ್ರ ಲೋಜ್ಬಾನ್ ಪೂರ್ತಿ ಕೈಚೆಲ್ಲುತ್ತೆ, ಕನ್ನಡವೂ ಅಷ್ಟೇ. ನಮಗೂ ಕೇಳುವವರಿಗೂ ತೋರಿಸಲು ಸಮಾನವಾದದ್ದು ಏನೂ ಇಲ್ಲದಿದ್ದರೆ? ದೂರದ ನಕ್ಷತ್ರದ ಗ್ರಹದಲ್ಲಿ ಯಾರೋ ಇದ್ದಾರೆ, ರೇಡಿಯೋದಲ್ಲಿ ಮಾತು ಮಾತ್ರ ಕಳಿಸಬಹುದು ಅಂದುಕೊಳ್ಳಿ. ಚಿತ್ರ ಕಳಿಸುವಂತಿಲ್ಲ, ಯಾಕಂದ್ರೆ ಸಾಲುಗಳನ್ನು ಎಡದಿಂದ ಜೋಡಿಸಬೇಕೋ ಬಲದಿಂದಲೋ ಅವರಿಗೆ ಗೊತ್ತಿಲ್ಲ. ಅವರಿಗೆ ಬಲಗೈ ಯಾವುದು ಅಂತ ಹೇಗೆ ಹೇಳ್ತೀರಿ? ಬರೀ ವ್ಯಾಕರಣದಿಂದ ಅದು ಸಾಧ್ಯವಿಲ್ಲ. ಮಾರ್ಟಿನ್ ಗಾರ್ಡ್ನರ್ 1964ರ ತನ್ನ ಪುಸ್ತಕದಲ್ಲಿ ಇದನ್ನು 'ಓಜ್ಮಾ ಸಮಸ್ಯೆ' ಅಂತ ಕರೆದ. 1956ರವರೆಗೆ ಭೌತಶಾಸ್ತ್ರದಲ್ಲೂ ಇದಕ್ಕೆ ಉತ್ತರ ಇರಲಿಲ್ಲ. ಪ್ರಕೃತಿ ಎಡಬಲ ಭೇದ ಮಾಡುವುದಿಲ್ಲ ಅಂತಲೇ ನಂಬಿದ್ದರು. ಆ ವರ್ಷ ಲೀ ಮತ್ತು ಯಾಂಗ್ ಎಂಬಿಬ್ಬರು ಈ ನಂಬಿಕೆಯನ್ನು ಪ್ರಶ್ನಿಸಿದರು. ವರ್ಷದ ಕೊನೆಯಲ್ಲಿ ಚಿಯೆನ್-ಶಿಯುಂಗ್ ವೂ ಎಂಬ ವಿಜ್ಞಾನಿ ಕೋಬಾಲ್ಟ್-60ನ್ನು ನಿರಪೇಕ್ಷ ಶೂನ್ಯದ ಹತ್ತಿರಕ್ಕೆ ತಣಿಸಿ, ಅದರ ನ್ಯೂಕ್ಲಿಯಸ್‌ಗಳನ್ನು ಕಾಂತಕ್ಷೇತ್ರದಲ್ಲಿ ಸಾಲಾಗಿ ನಿಲ್ಲಿಸಿ, ಹೊರಬೀಳುವ ಎಲೆಕ್ಟ್ರಾನ್‌ಗಳನ್ನು ಎಣಿಸಿದರು. ಎರಡೂ ಕಡೆಗೆ ಸಮನಾಗಿ ಬೀಳಲಿಲ್ಲ. ಎಲೆಕ್ಟ್ರಾನ್‌ಗಳು ಹೆಚ್ಚಾಗಿ ಹಾರಿಬರುವ ಕಡೆ ನಿಂತು ನೋಡುವವರಿಗೆ ನ್ಯೂಕ್ಲಿಯಸ್ ತಿರುಗುವುದು ಗಡಿಯಾರದ ದಿಕ್ಕಿಗೆ. 1957ರ ನೊಬೆಲ್ ಲೀ ಮತ್ತು ಯಾಂಗ್ ಅವರಿಗೆ ಸಿಕ್ಕಿತು, ವೂ ಅವರಿಗೆ ಸಿಗಲಿಲ್ಲ. ಅದರ ಬಗ್ಗೆ ನನಗೆ ಈಗಲೂ ಸಿಟ್ಟಿದೆ.

ಹಾಗಾಗಿ ಆ ಗ್ರಹದವರಿಗೆ ಒಂದು ಬೋಲ್ಟ್ ಬಿಗಿ ಮಾಡಲು ಹೇಳಬೇಕಾದರೆ ಸೂಚನೆ ಹೀಗಿರಬೇಕು: ಮೊದಲು ಸ್ವಲ್ಪ ಕೋಬಾಲ್ಟ್-60 ತಯಾರಿಸಿಕೊಳ್ಳಿ. ಅದನ್ನು ನಿರಪೇಕ್ಷ ಶೂನ್ಯದ ಹತ್ತಿರಕ್ಕೆ ತಣಿಸಿ, ಕಾಂತಕ್ಷೇತ್ರದಲ್ಲಿಡಿ. ಎಲೆಕ್ಟ್ರಾನ್ ಹೆಚ್ಚು ಬರುವ ಕಡೆ ನಿಂತು ನ್ಯೂಕ್ಲಿಯಸ್ ಎತ್ತ ತಿರುಗುತ್ತಿದೆ ನೋಡಿಕೊಳ್ಳಿ. ಈಗ ಬೋಲ್ಟಿನ ತಲೆಯ ಕಡೆ ಬನ್ನಿ, ಸ್ಪ್ಯಾನರ್ ಹಾಕಿ, ಅದೇ ಕಡೆಗೆ ತಿರುಗಿಸಿ.